ಹೊಲಿಗೆಗೆ ಬಿಟ್ಟ ಒಂದಿಂಚು

ಹದಿನಾಲ್ಕು ವರ್ಷದಲ್ಲಿ ನನ್ನ ಅಳತೆ ಒಮ್ಮೆಯೂ ತಪ್ಪಿರಲಿಲ್ಲ. ಇದನ್ನು ನಾನು ಜಂಬಕ್ಕೆ ಹೇಳುತ್ತಿದ್ದೇನೆ ಎಂದು ಯಾರಿಗಾದರೂ ಅನ್ನಿಸಿದರೆ, ಅನ್ನಿಸಿದ್ದು ಸರಿಯಾಗಿಯೇ ಇದೆ.

ಬಾತ್‌ಟಬ್ಬಿನ ಸುತ್ತಲಿನ ಹಳೆಯ ಟೈಲ್ಸ್ ಕಿತ್ತು, ಅಲ್ಲಿ ಸಾಲಿಡ್ ಸರ್ಫೇಸ್ ಪ್ಯಾನೆಲ್ ಕೂರಿಸುವುದು ನನ್ನ ಕೆಲಸ. ಪ್ಯಾನೆಲ್ ಅಂದರೆ ಕಲ್ಲುಪುಡಿ, ರಾಳ ಸೇರಿಸಿ ಎರಕ ಹೊಯ್ದ ದೊಡ್ಡ ಹಲಗೆ. ಒಂದು ಗೋಡೆಗೆ ಒಂದೇ. ಸಂದಿಲ್ಲ, ಗೆರೆಯಿಲ್ಲ, ನೀರು ನುಗ್ಗಲು ಜಾಗವಿಲ್ಲ. ಆದರೆ ಟೈಲ್ಸಿನ ಹಾಗೆ ಅಲ್ಲಿ ಇಲ್ಲಿ ಹೆಚ್ಚುಕಮ್ಮಿ ಮಾಡಿ ಸರಿದೂಗಿಸಲು ಬರುವುದಿಲ್ಲ. ಒಂದಿಂಚು ದೊಡ್ಡದಾದರೆ ಕತ್ತರಿಸಬಹುದು, ಒಂದಿಂಚು ಚಿಕ್ಕದಾದರೆ ಇಡೀ ಹಲಗೆ ಮೂಲೆ ಸೇರುತ್ತದೆ. ನಮ್ಮ ಕಸುಬಿನವರು ಹಿಂದಿನಿಂದ ನನ್ನನ್ನು ಸಿಡಿಮದ್ದು ಎಂದು ಕರೆಯುತ್ತಾರೆ. ಅಳತೆಯ ಮಾತು ಬಂದಾಗ ಮಾತ್ರ ಮುಂದೆ ಬಂದು ನನ್ನನ್ನೇ ಕೇಳುತ್ತಾರೆ.

ಅಂಥ ನನ್ನನ್ನು, ಬಾಗಿಲು ತೆಗೆದ ಕೂಡಲೇ, ಒಬ್ಬ ಅಳೆದುಬಿಟ್ಟ.

ಮೊದಲ ಮಹಡಿಯ ಮನೆ. ಬೆಲ್ ಒತ್ತಿದೆ. ಕುತ್ತಿಗೆಗೆ ಟೇಪು ನೇತುಹಾಕಿಕೊಂಡು, ತುಟಿಗಳ ನಡುವೆ ಮೂರು ಗುಂಡುಸೂಜಿ ಕಚ್ಚಿಕೊಂಡಿದ್ದ ಗಂಡಸೊಬ್ಬ ಬಾಗಿಲು ತೆಗೆದು, ಮುಖವನ್ನೂ ಸರಿಯಾಗಿ ನೋಡದೆ ಒಳಗೆ ಬನ್ನಿ ಎಂದು ಕೈಸನ್ನೆ ಮಾಡಿದ. ಕಾಲಿಟ್ಟೆ. ಬಾಯಿ ತೆಗೆಯುವ ಮುಂಚೆಯೇ ಅವನು ನನ್ನ ಬೆನ್ನ ಹಿಂದೆ ಬಂದು, ಟೇಪನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಿಡಿದಾಗಿತ್ತು.

ಸೂಜಿಗಳನ್ನು ಕೈಗೆ ತೆಗೆದುಕೊಂಡು, "ಹದಿನೈದೂಮುಕ್ಕಾಲು," ಎಂದು ತನಗೆ ತಾನೇ ಹೇಳಿಕೊಂಡ. "ಎಡ ಹೆಗಲು ಸ್ವಲ್ಪ ಇಳಿದಿದೆ ಮೇಡಂ. ಆ ಕಡೆ ಭಾರ ಹೊರ್ತೀರಾ?"

"ಹೊರ್ತೀನಿ. ಈಗ್ಲೂ ಹೊತ್ಕೊಂಡೇ ನಿಂತಿದ್ದೀನಿ," ಎಂದು ಟೂಲ್ ಬ್ಯಾಗನ್ನು ಧೊಪ್ಪನೆ ಕೆಳಗಿಟ್ಟೆ. "ಕೋಟು ಹೊಲಿಸೋಕೆ ಬಂದವಳಲ್ಲ. ನಿಮ್ಮ ಬಾತ್‌ರೂಮ್ ಗೋಡೆ ನೋಡೋಕೆ ಬಂದಿದ್ದೀನಿ."

ಅವನು ಬ್ಯಾಗ್ ನೋಡಿದ. ಅದರಿಂದ ಇಣುಕುತ್ತಿದ್ದ ಸುತ್ತಿಗೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಕಿವಿಯ ತುದಿಯಲ್ಲಿ ಶುರುವಾದ ಕೆಂಪು ಕುತ್ತಿಗೆಯವರೆಗೂ ಇಳಿಯಿತು.

"ಹತ್ತು ಗಂಟೆಗೆ ಒಬ್ರು ಅಳತೆ ಕೊಡೋಕೆ ಬರ್ತೀನಿ ಅಂದಿದ್ರು. ಫೋನಲ್ಲಿ ಮಾತಾಡಿದ್ದಷ್ಟೇ, ಮುಖ ನೋಡಿಲ್ಲ. ತಪ್ಪು ತಿಳ್ಕೋಬೇಡಿ. ಪ್ಯಾನೆಲ್ ಹಾಕೋರು ಅಂದ್ರೆ ನಾನು..."

"ಗಂಡಸು ಬರ್ತಾನೆ ಅಂದ್ಕೊಂಡ್ರಿ."

"ಹನ್ನೊಂದು ಗಂಟೆಗೆ ಬರ್ತಾರೆ ಅಂದ್ಕೊಂಡೆ," ಎಂದ. "ನೀವೇ ಹನ್ನೊಂದು ಅಂದಿದ್ರಿ."

ಹೌದು, ನಾನೇ ಹನ್ನೊಂದು ಎಂದಿದ್ದೆ. ಬೇಗ ಬಂದವಳು ನಾನು. ಕಾಲ್ಕೆರೆದು ಜಗಳಕ್ಕೆ ನಿಂತಿದ್ದ ನನ್ನ ಬಾಯಿಗೆ ಕೆಲಸವೇ ಇಲ್ಲದಂತಾಯಿತು.

ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ಉದ್ದನೆಯ ಮೇಜು, ತಲೆಯಿಲ್ಲದ ಗೊಂಬೆಯ ಮೈಮೇಲೆ ಅರ್ಧ ಹೊಲಿದ ಬೂದು ಕೋಟು. ಅಡುಗೆಮನೆ ದಾಟಿದರೆ ಬಾತ್‌ರೂಮು.

ತೊಟ್ಟಿ ಎರಕದ ಕಬ್ಬಿಣದ್ದು, ಗಟ್ಟಿಯಾಗಿತ್ತು. ಅದರ ಮೂರು ಕಡೆ ಅಂಗೈಯಗಲದ ಗುಲಾಬಿ ಟೈಲ್ಸು. ಕೆಳಗಿನ ಎರಡು ಸಾಲು ಉಬ್ಬಿಕೊಂಡು, ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಸಂದುಗಳೆಲ್ಲ ಬೂಷ್ಟು ಹಿಡಿದು ಕರ್ರಗಾಗಿದ್ದವು. ಒಂದು ಮೂಲೆಯಲ್ಲಿ ಮಾತ್ರ ನಾಲ್ಕಾರು ಸಂದುಗಳು ಹಾಲಿನ ಹಾಗೆ ಬೆಳ್ಳಗಿದ್ದವು. ಅಲ್ಲೇ ತೊಟ್ಟಿಯ ಅಂಚಿನ ಮೇಲೆ, ಕೂದಲು ಸವೆದ ಒಂದು ಟೂತ್‌ಬ್ರಷ್.

"ಅಮ್ಮಂದು," ಎಂದ ದರ್ಜಿ. "ಪ್ರತಿ ಭಾನುವಾರ ತೊಟ್ಟಿ ಒಳಗೆ ಮಂಡಿಯೂರಿ ಕೂತು ಒಂದೊಂದೇ ಗೆರೆ ತಿಕ್ಕೋರು. ಬೇಡಮ್ಮ ಅಂದ್ರೆ, ನಿನ್ನ ಹೊಲಿಗೆ ನೆಟ್ಟಗಿರಬೇಕು, ನನ್ನ ಗೋಡೆ ಬೆಳ್ಳಗಿರಬೇಕು ಅನ್ನೋರು. ಹೋದ ತಿಂಗಳು ಆ ಮೂಲೆವರೆಗೂ ತಿಕ್ಕಿ, ಏಳೋವಾಗ ಜಾರಿದ್ರು. ಸೊಂಟದ ಮೂಳೆ."

"ಈಗ ಹೇಗಿದ್ದಾರೆ?"

"ಆಪರೇಷನ್ ಆಗಿ ಆರೈಕೆ ಕೇಂದ್ರದಲ್ಲಿದ್ದಾರೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮನೆಗೆ ಕಳಿಸ್ತಾರೆ. ಆದ್ರೆ ಡಾಕ್ಟ್ರು ಬಾತ್‌ರೂಮಿನ ಫೋಟೋ ಕೇಳಿದ್ರು. ನೋಡಿ, ಇಷ್ಟು ಬೂಷ್ಟು ಇರೋ ಕಡೆ ಕಳಿಸಲ್ಲ ಅಂದ್ಬಿಟ್ರು." ಆ ಟೂತ್‌ಬ್ರಷ್ಷನ್ನು ಕೈಯಲ್ಲಿ ತಿರುಗಿಸುತ್ತಾ ನಿಂತಿದ್ದ. "ತಿಕ್ಕೋಕೆ ಒಂದು ಗೆರೇನೂ ಇರಬಾರದು, ಅಂಥ ಗೋಡೆ ಬೇಕು. ಅಷ್ಟರಲ್ಲಿ ಆಗುತ್ತಾ?"

ಆಗುವುದಿಲ್ಲ ಎನ್ನಬೇಕಿತ್ತು. ನನಗೆ ಕೆಲಸ ಕಲಿಸಿದ್ದು ಅಪ್ಪ, ನಲವತ್ತು ವರ್ಷ ಟೈಲ್ಸ್ ಹಾಕಿದ ಮೇಸ್ತ್ರಿ. ಅಪ್ಪನ ಮೊದಲ ಪಾಠವೇ, ಬಿಚ್ಚದೆ ಅಳೆಯಬೇಡ. ಟೈಲ್ಸ್ ಕಿತ್ತು ಬರೀ ಗೋಡೆ ಕಂಡ ಮೇಲೆಯೇ ಟೇಪು ಮುಟ್ಟಬೇಕು. ನನ್ನ ಕೈಯಲ್ಲಿ ಬೇರೊಂದು ಮನೆಯ ಕೆಲಸವಿತ್ತು, ಮುಂದಿನ ವಾರ ಗುರುವಾರಕ್ಕೆ ಮುಂಚೆ ಕೀಳಲು ಬರುವಂತಿರಲಿಲ್ಲ. ಅಳತೆ ಕೊಟ್ಟ ಮೇಲೆ ಪ್ಯಾನೆಲ್ ಮಾಡಿಕೊಡಲು ಕಾರ್ಖಾನೆಗೆ ಎಂಟು ದಿನ ಬೇಕು. ಅಪ್ಪನ ಪಾಠದಂತೆ ಹೋದರೆ ಆ ಭಾನುವಾರ ಕೈತಪ್ಪಿ ಹೋಗುತ್ತಿತ್ತು.

ಅವನು ಆ ಸವೆದ ಬ್ರಷ್ಷನ್ನು ಮಗುವಿನ ಕೈ ಹಿಡಿದ ಹಾಗೆ ಹಿಡಿದಿದ್ದ. "ಆಗುತ್ತೆ," ಎಂದುಬಿಟ್ಟೆ. "ಟೈಲ್ಸ್ ಮೇಲೇ ಅಳೀತೀನಿ. ಟೈಲ್ಸ್ ದಪ್ಪ ಗೊತ್ತಾದ್ರೆ ಒಳಗಿನ ಗೋಡೆ ಎಷ್ಟು ಅಂತ ಹೇಳಬಲ್ಲೆ."

"ಕಾಣದೇ ಇರೋದನ್ನ ಅಳೀತೀರಾ?"

"ನಾನು ಅಳೀತೀನಿ. ಬೇರೆಯವರಿಗೆ ಹೇಳಲ್ಲ, ಅಳೀರಿ ಅಂತ."

ಅವನು ನಕ್ಕ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತದೆ. ಇದನ್ನು ಆಗಲೇ ಗಮನಿಸಿದ್ದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಹುದು.

ಬಲಗಡೆಯ ಗೋಡೆಯಲ್ಲಿ ಚಿಕ್ಕ ಕಿಟಕಿ. ಅದರ ಅಂಚಿನಲ್ಲಿ ಒಂದು ಟೈಲು ಮುರಿದು, ಒಳಗಿನ ಗಾರೆ ಸಮೇತ ದಪ್ಪ ಕಾಣುತ್ತಿತ್ತು: ಮುಕ್ಕಾಲು ಇಂಚು. ಹಿಂದಿನ ಉದ್ದ ಗೋಡೆ ಟೈಲಿನಿಂದ ಟೈಲಿಗೆ ಅರವತ್ತು ಇಂಚು. ಟೇಪಿನ ಆ ತುದಿಯನ್ನು ಅವನೇ ಹಿಡಿದಿದ್ದ. ಉದ್ದನೆಯ ಬೆರಳು, ಹೆಬ್ಬೆರಳ ಉಗುರಿನಲ್ಲಿ ನೀಲಿ ಚಾಕಿನ ಪುಡಿ.

"ನಿಮ್ಮದು ಕಬ್ಬಿಣದ ಟೇಪು," ಎಂದ. "ಮನುಷ್ಯರ ಮೈ ಸುತ್ತೋಕೆ ಬರಲ್ಲ."

"ನಿಮ್ಮದು ಬಟ್ಟೆ ಟೇಪು. ಎಳೆದಷ್ಟು ಹಿಗ್ಗುತ್ತೆ. ನಂಬೋಕೆ ಬರಲ್ಲ."

"ಹದಿನೈದೂಮುಕ್ಕಾಲು. ನಂಬಿಕೆ ಇಲ್ದಿದ್ರೆ ನಿಮ್ಮದರಲ್ಲೇ ಅಳೆದು ನೋಡಿ."

ಅರವತ್ತು, ಎರಡೂ ಕಡೆ ಮುಕ್ಕಾಲು ಮುಕ್ಕಾಲು ಸೇರಿ ಅರವತ್ತೊಂದೂವರೆ. ಬರೆದುಕೊಂಡೆ. ತೊಟ್ಟಿಯ ಅಂಚು ಬಲಗಡೆ ನಾಲ್ಕು ಬೆರಳು ಅಗಲ ಕಾಣುತ್ತಿತ್ತು, ಎಡಗಡೆ ಮೂರೇ ಬೆರಳು. ಕಣ್ಣಿದ್ದವರಿಗೆ ಕಾಣುವಂಥದ್ದು. ನನ್ನ ಕಣ್ಣು ಟೇಪಿನ ಆ ತುದಿಯಲ್ಲಿತ್ತು.

ಮರುದಿನ ಬಣ್ಣದ ಸ್ಯಾಂಪಲ್ ತೋರಿಸುವ ನೆಪದಲ್ಲಿ ಹೋದೆ. ಫೋಟೋ ಕಳಿಸಿದ್ದರೆ ಸಾಕಿತ್ತು, ಎಲ್ಲರಿಗೂ ಹಾಗೆಯೇ ಮಾಡುವುದು. ಅವನು ಆ ಚಿಕ್ಕ ಚಿಕ್ಕ ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊರಳಿಸಿ, ಬಟ್ಟೆ ನೋಡಿದ ಹಾಗೆ ನೋಡಿದ.

"ಇದು ಬೆಳಿಗ್ಗೆ ಬೆಳ್ಳಗಿರುತ್ತೆ, ಸಂಜೆ ಹಳದಿ ಆಗುತ್ತೆ. ಇದು ಬೇಡ. ಇದು ಆಸ್ಪತ್ರೆ ಬಿಳಿ, ಅಮ್ಮ ಸಾಕಷ್ಟು ನೋಡಿದ್ದಾರೆ. ಇದು." ಅವನು ಆರಿಸಿದ್ದು ಮೋಡದಂಥ ಬಿಳಿ, ಒಳಗೆ ಸಣ್ಣಗೆ ಬೂದು ಎಳೆ. ಆ ಹದಿನೇಳು ಬಿಳಿಗಳಲ್ಲಿ ನಾನು ಆರಿಸುತ್ತಿದ್ದದ್ದೂ ಅದೇ. ಹೇಳಲಿಲ್ಲ.

ಗೊಂಬೆಯ ಮೇಲಿನ ಬೂದು ಕೋಟು ಮುಗಿದಿತ್ತು. "ಚೆನ್ನಾಗಿದೆ," ಎಂದೆ.

"ಹೊರಗೆ ನೋಡಿ ಚೆನ್ನಾಗಿದೆ ಅಂದ್ರೆ ಅದೇನು ಹೊಗಳಿಕೆ." ಕೋಟನ್ನು ಒಳಮಗ್ಗುಲಿಗೆ ತಿರುಗಿಸಿದ. ಪ್ರತಿ ಹೊಲಿಗೆಯ ಆಚೆ ಒಂದೊಂದು ಇಂಚು ಬಟ್ಟೆ ಮಡಿಸಿ, ಯಾರಿಗೂ ಕಾಣದ ಹಾಗೆ ಅಂದವಾಗಿ ಕೂರಿಸಿದ್ದ. "ಇದು ಹೊಲಿಗೆಗೆ ಬಿಡೋದು. ಕೆಟ್ಟ ದರ್ಜಿ ಕಾಲಿಂಚು ಬಿಡ್ತಾನೆ, ಬಟ್ಟೆ ಉಳಿಸ್ತಾನೆ. ನಮ್ಮಪ್ಪ ಒಂದಿಂಚು ಬಿಡ್ತಿದ್ರು. ನಾನೂ ಅಷ್ಟೇ."

"ಸರಿಯಾಗಿ ಅಳತೆ ತಗೊಂಡ್ರೆ ಬಿಡೋ ಅಗತ್ಯ ಏನಿದೆ?"

"ಅಳತೆ ಇವತ್ತಿಂದು. ಮನುಷ್ಯ ನಾಳೆ ಬೇರೆ ಆಗಿರ್ತಾನೆ. ಬಿಚ್ಚಿ ನೋಡಿದಾಗ ಒಳಗೆ ಏನಾದ್ರೂ ಇರಬೇಕಲ್ಲ."

"ಗೋಡೆ ಹಾಗೆಲ್ಲ ಬದಲಾಗಲ್ಲ," ಎಂದು ಅಳತೆ ಚೀಟಿ ತೆಗೆದೆ. ಕಾರ್ಖಾನೆಗೆ ಕೊಡಲು ಹೊರಟಿದ್ದೆ.

"ನಾನು ಬಟ್ಟೆ ತರೋಕೆ ಆ ಕಡೆಗೇ ಹೋಗ್ತಿದ್ದೀನಿ, ಕೊಡಿ, ಕೊಟ್ಟು ಬರ್ತೀನಿ," ಎಂದ ದರ್ಜಿ. ಕೊಟ್ಟೆ. ನನ್ನ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದು ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು.

ಪ್ಯಾನೆಲ್ ಬಂದದ್ದು ಮುಂದಿನ ಬುಧವಾರ. ಲಾರಿಯವರು ಅವನ ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿಸಿ ಹೋಗಿದ್ದರು. ನಾನು ಕಾಗದ ಬಿಚ್ಚಿ, ಅಭ್ಯಾಸಬಲದಿಂದ ಟೇಪು ಹಿಡಿದೆ.

ಅರವತ್ತಮೂರೂವರೆ.

ಮತ್ತೆ ಹಿಡಿದೆ. ಟೇಪು ಸುಳ್ಳು ಹೇಳುವುದಿಲ್ಲ. ಕಾರ್ಖಾನೆಗೆ ಫೋನ್ ಮಾಡಿ ಅವರಿಗೆ ಹಿಂದುಮುಂದು ನೋಡದೆ ಬೈದೆ. ಅವರು ನಾನು ಕೊಟ್ಟ ಚೀಟಿಯ ಫೋಟೋ ಕಳಿಸಿದರು. ಅರವತ್ತೊಂದೂವರೆ ಎಂಬುದನ್ನು ಹೊಡೆದು, ಪಕ್ಕದಲ್ಲಿ ನೀಲಿ ಚಾಕಿನಲ್ಲಿ ಅರವತ್ತಮೂರೂವರೆ ಎಂದು ಬರೆದಿತ್ತು.

ತಲೆ ಎತ್ತಿದೆ. ಅವನು ಯಂತ್ರದ ಹಿಂದೆ ಎದ್ದು ನಿಂತಿದ್ದ.

"ಹೊಲಿಗೆಗೆ ಬಿಟ್ಟಿರಲಿಲ್ಲ ಚೀಟೀಲಿ," ಎಂದ. "ಮರ್ತಿದ್ದೀರೇನೋ ಅಂದ್ಕೊಂಡೆ. ಎರಡು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಕಾರ್ಖಾನೆಯವನು ಈಗ್ಲೇ ಕೊಡಿ ಅಂದ. ಅದಕ್ಕೆ ಎರಡೂ ಕಡೆ ಒಂದೊಂದಿಂಚು..."

ಡ್ರಿಲ್ ಓಡುವಾಗ ನಾನು ಫೋನ್ ಎತ್ತುವುದಿಲ್ಲ. ಆದರೆ ಆಗ ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ.

"ಇದು ಗೋಡೆ. ಷರ್ಟ್ ಅಲ್ಲ. ನನ್ನ ಅಳತೆ ಮೇಲೆ ಕೈ ಇಡೋಕೆ ನಿಮಗೆ ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ದೊಡ್ಡದಾದ್ರೆ ಕತ್ತರಿಸಬಹುದಲ್ಲ ಅಂತ..."

"ಕತ್ತರಿಸಬಹುದು. ಅರ್ಧ ದಿನ ಹೋಗುತ್ತೆ. ಅದಲ್ಲ ಮಾತು. ನಾನು ಬರೆದಿದ್ದು ಸಾಕಾಗ್ಲಿಲ್ಲ ನಿಮಗೆ. ಸೂಜಿ ಹಿಡಿಯೋರು ಸೂಜಿ ಹಿಡ್ಕೊಂಡಿರಿ, ನನ್ನ ಕೆಲಸಕ್ಕೆ ಮೂಗು ತೂರಿಸಬೇಡಿ."

ನಗುವಾಗ ಮೇಲೇರುವ ಅವನ ಆ ಹುಬ್ಬು ಸುಮ್ಮನಾಗಿತ್ತು. ನಾನು ಬ್ಯಾಗ್ ಹೊತ್ತು ಹೊರಟುಬಿಟ್ಟೆ.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ನನ್ನ ಕಡೆ ಇರಬೇಕು ಎಂಬ ಆಸೆ. ಆದರೆ ಅಪ್ಪನಿಗೆ ನನ್ನ ಪ್ಯಾನೆಲ್ಲಿನ ಬಗ್ಗೆ ಮೊದಲಿನಿಂದಲೂ ಅಸಡ್ಡೆ. ಹಲಗೆ ಅಂಟಿಸೋದೂ ಒಂದು ಕೆಲಸಾನಾ ಎನ್ನುವವನು.

"ಬಿಚ್ಚದೆ ಅಳೆದ್ಯಾ?" ಎಂದ.

"ಟೈಮ್ ಇರಲಿಲ್ಲ."

"ಯಾವತ್ತೂ ಇಲ್ಲದ್ದು ಇವತ್ತು ಯಾಕೆ ಅವಸರ?" ಎಂದು ನನ್ನ ಮುಖವನ್ನೇ ನೋಡಿದ. ನಾನು ತಟ್ಟೆ ನೋಡಿದೆ. "ಓಹೋ," ಎಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಕಣೆ ಸಿಡಿಮದ್ದು," ಎಂದು ಕೈತೊಳೆಯಲು ಎದ್ದ.

ಗುರುವಾರ ಬೆಳಿಗ್ಗೆ ಮುಖ ಊದಿಸಿಕೊಂಡೇ ಹೋದೆ. ದರ್ಜಿ ಬಾಗಿಲು ತೆಗೆದು, ದಾರಿ ಬಿಟ್ಟ. ನಾನು ಮಾಸ್ಕ್ ಕಟ್ಟಿ, ತೊಟ್ಟಿಗೆ ದಪ್ಪ ಕಂಬಳಿ ಹಾಸಿ, ಸುತ್ತಿಗೆ ಉಳಿ ಹಿಡಿದೆ. ಹಿಂದಿನ ಗೋಡೆ ಮೊದಲು, ಆಮೇಲೆ ಬಲಗಡೆ. ಗುಲಾಬಿ ಟೈಲುಗಳು ಹಣ್ಣೆಲೆಯ ಹಾಗೆ ಉದುರಿದವು. ಹತ್ತು ಗಂಟೆಗೆ ಬಾಗಿಲು ಮೆಲ್ಲಗೆ ತಟ್ಟಿದ ಸದ್ದು.

ಟೀ ಲೋಟ ಹಿಡಿದು ನಿಂತಿದ್ದ. "ನಿನ್ನೆ ನೀವು ಹೇಳಿದ್ದು ಸರಿ. ನಾನು ಕತ್ತರಿಸಿಟ್ಟ ಬಟ್ಟೆ ಮೇಲೆ ಯಾರಾದ್ರೂ ಬಂದು ಗೆರೆ ಎಳೆದಿದ್ರೆ ನಾನೂ ಸುಮ್ನೆ ಇರ್ತಿರಲಿಲ್ಲ. ತಪ್ಪಾಯ್ತು. ಇನ್ನು ನಿಮ್ಮ ಅಳತೆ ತಂಟೆಗೆ ಬರಲ್ಲ."

"ಆಯ್ತು," ಎಂದೆ ಬಿಗುಮಾನದಿಂದ. ಟೀ ತೆಗೆದುಕೊಂಡೆ. ಅವನು ಅಮ್ಮನನ್ನು ನೋಡಲು ಆರೈಕೆ ಕೇಂದ್ರಕ್ಕೆ ಹೊರಟ. ನಾನು ಗೆದ್ದ ಖುಷಿಯಲ್ಲಿ ಎಡಗಡೆಯ ಗೋಡೆಗೆ ಉಳಿ ಇಟ್ಟೆ.

ಗುಲಾಬಿ ಟೈಲು ಬಿತ್ತು. ಅದರ ಹಿಂದೆ ಗೋಡೆ ಇರಲಿಲ್ಲ. ನೀಲಿ ಟೈಲು ಇತ್ತು.

ಯಾವುದೋ ಕಾಲದಲ್ಲಿ ಯಾರೋ ಸೋಮಾರಿ, ಈ ಗೋಡೆಯಲ್ಲಿ ಮಾತ್ರ ಹಳೆಯದನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸಿದ್ದ. ತೊಟ್ಟಿಯ ಅಂಚು ಎಡಗಡೆ ಮೂರೇ ಬೆರಳು ಕಾಣುತ್ತಿದ್ದದ್ದು ಅದಕ್ಕೇ. ನೀಲಿಯನ್ನೂ ಅದರ ಗಾರೆಯನ್ನೂ ಕಿತ್ತೆ. ಬರೀ ಗೋಡೆ ಕಂಡಿತು. ಟೇಪು ಹಿಡಿದೆ.

ಅರವತ್ತೆರಡೂಮುಕ್ಕಾಲು.

ನನ್ನ ಅಳತೆಯಂತೆ ಬಂದಿದ್ದರೆ ಪ್ಯಾನೆಲ್ ಒಂದೂಕಾಲು ಇಂಚು ಗಿಡ್ಡ. ಮತ್ತೆ ಎಂಟು ದಿನ. ಅಮ್ಮ ಬರುವುದು ಭಾನುವಾರ. ಅವನು ಹೊಲಿಗೆಗೆಂದು ಬಿಟ್ಟಿದ್ದ ಬಟ್ಟೆ, ಅಲ್ಲ, ಕಲ್ಲು, ಅದೇ ನನ್ನ ಮಾನ ಕಾದಿತ್ತು. ಮುಕ್ಕಾಲು ಇಂಚು ಕತ್ತರಿಸಿದರೆ ಸಾಕು, ಗೋಡೆಗೆ ಮುಚ್ಚಳದ ಹಾಗೆ ಕೂರುತ್ತದೆ.

ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಟೀ ಲೋಟ ಇನ್ನೂ ಬೆಚ್ಚಗಿತ್ತು. ಯಾವುದಕ್ಕೆ ನಾನು ಅವನ ಕಾಲಿಗೆ ಬೀಳಬೇಕಿತ್ತೋ, ಅದಕ್ಕೆ ಅವನಿಂದ ಕ್ಷಮೆ ಕೇಳಿಸಿಕೊಂಡು, ಆಯ್ತು ಎಂದಿದ್ದೆ.

ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ನೀಲಿ ಟೈಲುಗಳು ಮೂಟೆ ಸೇರುತ್ತವೆ, ನಾಳೆ ಗೋಡೆ ಮುಚ್ಚಿಹೋಗುತ್ತದೆ. ಹದಿನಾಲ್ಕು ವರ್ಷದ ಹೆಸರು ಹಾಗೆಯೇ ಉಳಿಯುತ್ತದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅವನು ಬರುವ ಮುಂಚೆಯೇ ಪ್ಯಾನೆಲ್ಲನ್ನು ಕಂಬಳಿಯ ಮೇಲೆ ಬಾಲ್ಕನಿಗೆ ಎಳೆದೊಯ್ದು ಮುಕ್ಕಾಲು ಇಂಚು ಕತ್ತರಿಸಿದೆ. ಆ ತೆಳು ಪಟ್ಟಿಯನ್ನು ಬ್ಯಾಗಿನ ತಳಕ್ಕೆ ಸೇರಿಸಿದೆ. ಬಿಸಾಡಲು ಯಾಕೋ ಕೈ ಬರಲಿಲ್ಲ.

ಶುಕ್ರವಾರ ಕೂರಿಸುವ ದಿನ. ಅಷ್ಟು ದೊಡ್ಡ ಹಲಗೆ ಎತ್ತಲು ಇಬ್ಬರು ಬೇಕು. ಅಪ್ಪನನ್ನು ಕರೆಯಬಹುದಿತ್ತು. ಕರೆಯಲಿಲ್ಲ.

"ನಾನು ಹಿಡೀಲಾ, ಅಥವಾ ಅದೂ ಮೂಗು ತೂರಿಸಿದ ಹಾಗೆ ಆಗುತ್ತಾ?" ಎಂದ ದರ್ಜಿ, ಬಾಗಿಲಲ್ಲಿ ನಿಂತು.

"ಚಪ್ಪಲಿ ಬಿಟ್ಟು ತೊಟ್ಟಿ ಒಳಗೆ ಬನ್ನಿ. ನಾನು ಹೇಳ್ದಾಗ ಎತ್ತಿ, ಹೇಳ್ದಾಗ ಒತ್ತಿ."

ಗೋಡೆಗೆ ಅಂಟು ಬಳಿದೆ. ಎತ್ತಿದೆವು. ಹಲಗೆ ಎಡಮೂಲೆ ಮುಟ್ಟಿತು, ಬಲಮೂಲೆ ಮುಟ್ಟಿತು, ಒಂದು ಸಣ್ಣ ನಿಟ್ಟುಸಿರಿನ ಸದ್ದು ಮಾಡಿ ಗೋಡೆಗೆ ಕೂತಿತು. ನನ್ನ ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಕೂತ ಪ್ಯಾನೆಲ್ ಇನ್ನೊಂದಿಲ್ಲ.

"ಈಗ ಹತ್ತು ನಿಮಿಷ ಅಂಗೈ ಒತ್ತಿ ಹಿಡೀಬೇಕು. ಬಿಟ್ರೆ ಜಾರುತ್ತೆ," ಎಂದೆ.

ಇಬ್ಬರೂ ತೊಟ್ಟಿಯೊಳಗೆ, ಬರಿಗಾಲಲ್ಲಿ, ಅಕ್ಕಪಕ್ಕ, ಗೋಡೆಗೆ ಎರಡೆರಡು ಅಂಗೈ ಒತ್ತಿ ನಿಂತೆವು. ಅವನ ಕಿರುಬೆರಳಿಗೂ ನನ್ನ ಕಿರುಬೆರಳಿಗೂ ನಡುವೆ ಮೂರು ಇಂಚು. ಕಣ್ಣಳತೆ, ಆದರೆ ತಪ್ಪಿರಲಾರದು.

"ಎಷ್ಟು ಕರೆಕ್ಟಾಗಿದೆ," ಎಂದ ಅವನು, ಮೂಲೆಯನ್ನು ನೋಡುತ್ತಾ. ಅವನ ದನಿಯಲ್ಲಿ ಇದ್ದದ್ದು ಹೆಮ್ಮೆ. ತನ್ನದಲ್ಲ, ನನ್ನ ಬಗ್ಗೆ. "ನಿನ್ನೆ ಅಮ್ಮನಿಗೆ ಹೇಳ್ದೆ. ನಾನು ಕೆಡಿಸಿದ್ದೆ, ಅವರು ಸರಿ ಮಾಡ್ತಿದ್ದಾರೆ ಅಂತ. ಕಾಣದೇ ಇರೋ ಗೋಡೆ ಅಳೆದಿದ್ದಾರೆ ಕಣಮ್ಮ ಅಂತ."

ನಾನು ಅಂಗೈಯನ್ನು ಇನ್ನಷ್ಟು ಬಲವಾಗಿ ಒತ್ತಿದೆ.

"ಒಂದು ಕೇಳ್ಲಾ? ಕತ್ತರಿಸಿದ ಆ ಎರಡಿಂಚು ಪಟ್ಟಿ ಇದ್ರೆ ಕೊಡಿ. ಅಷ್ಟು ನೆಟ್ಟಗಿರೋದು ಎಲ್ಲಿ ಸಿಗುತ್ತೆ? ಬಟ್ಟೆ ಮೇಲೆ ಗೆರೆ ಎಳೆಯೋಕೆ ಇಟ್ಕೊತೀನಿ. ನಿಮ್ಮ ಅಳತೆ ಅಂತ ನೆನಪಿಗೂ ಆಯ್ತು."

ಎರಡಿಂಚು ಪಟ್ಟಿ ಎಲ್ಲಿಂದ ತರಲಿ? ಬಿಸಾಕಿಬಿಟ್ಟೆ ಎಂದರೆ ಮುಗಿಯಿತು, ಒಂದೇ ಮಾತು. ಬಾಯಿ ತೆಗೆದೆ. ಆ ಮಾತು ಬರಲಿಲ್ಲ. ಓಡಿಹೋಗೋಣವೆಂದರೆ ಎರಡೂ ಕೈ ಗೋಡೆಯ ಮೇಲಿದ್ದವು. ಇನ್ನೂ ಏಳು ನಿಮಿಷ ಬಾಕಿ.

"ಎರಡಿಂಚು ಪಟ್ಟಿ ಇಲ್ಲ," ಎಂದೆ.

"ಮುರಿದುಹೋಯ್ತಾ?"

"ಇಲ್ಲ. ನಾನು ಕತ್ತರಿಸಿದ್ದು ಮುಕ್ಕಾಲು ಇಂಚು."

ಅವನು ನನ್ನತ್ತ ತಿರುಗಿದ. ದರ್ಜಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ನಾನೇ ಹೇಳಿದೆ, ಗೋಡೆಯನ್ನೇ ನೋಡುತ್ತಾ. ನೀಲಿ ಟೈಲು ಹೇಳಿದೆ. ಮೂರು ಬೆರಳು, ನಾಲ್ಕು ಬೆರಳು ಹೇಳಿದೆ. "ನನ್ನ ಅಳತೆ ತಪ್ಪಿತ್ತು. ಒಂದೂಕಾಲು ಇಂಚು ಕಡಿಮೆ. ನೀವು ಆ ಚೀಟಿ ತಿದ್ದದೇ ಇದ್ದಿದ್ರೆ ನಿಮ್ಮಮ್ಮ ಭಾನುವಾರ ಬರೋಕೆ ಆಗ್ತಿರಲಿಲ್ಲ. ನಿನ್ನೆ ನೀವು ಟೀ ತಂದು ಕ್ಷಮೆ ಕೇಳಿದ್ರಲ್ಲ, ಆಮೇಲೆ ಅರ್ಧ ಗಂಟೇಲಿ ನನಗೆ ಗೊತ್ತಾಯ್ತು. ಗೊತ್ತಾಗಿಯೂ ಬಚ್ಚಿಟ್ಟೆ."

ಈಗ ನಗುತ್ತಾನೆ ಎಂದುಕೊಂಡೆ. ಸೂಜಿ ಹಿಡಿಯೋರು ಎಂದಿದ್ದಕ್ಕೆ ಈಗ ಬಡ್ಡಿ ಸಮೇತ ಕೊಡುತ್ತಾನೆ. ಕೊಟ್ಟರೂ ಮಾಡಿದ್ದುಣ್ಣೋ ಮಹರಾಯ ಎಂದು ಉಣ್ಣಲು ಸಿದ್ಧಳಾಗಿದ್ದೆ.

"ನೀವು ಹೇಳದೇ ಇದ್ದಿದ್ರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ," ಎಂದ.

"ಗೊತ್ತು."

"ಮತ್ತೆ ಯಾಕೆ ಹೇಳಿದ್ರಿ?"

"ಬೇರೆ ಯಾರ ಮುಂದೆ ಆದ್ರೂ ಸುಮ್ನಿದ್ದುಬಿಡ್ತಿದ್ದೆ," ಎಂದೆ. "ನಿಮ್ಮ ಮುಂದೆ ಆಗಲಿಲ್ಲ. ನೀವು ಆ ಪಟ್ಟೀನ ದಿನಾ ಕೈಯಲ್ಲಿ ಹಿಡಿದು, ನನ್ನ ಅಳತೆ ಅಂತ ಹೆಮ್ಮೆಪಡೋದು, ನಾನು ಅದನ್ನ ನೋಡ್ಕೊಂಡು ಇರೋದು... ದಿನಾ ನೋಡ್ಕೊಂಡು ಇರಬೇಕು ಅಂತ ಆಸೆ ಆಗಿದೆ ನನಗೆ. ಸುಳ್ಳಿನ ಮೇಲೆ ಬೇಡ."

ಹೇಳಿ ಮುಗಿಸಿದ ಮೇಲೆಯೇ ಏನು ಹೇಳಿದೆ ಎಂದು ನನಗೆ ತಿಳಿದದ್ದು. ಗೋಡೆಗೆ ಹಣೆ ಒತ್ತಿಬಿಟ್ಟೆ. ತಣ್ಣಗಿತ್ತು.

ಅವನು ಹಲಗೆಯನ್ನು ಈ ಮೂಲೆಯಿಂದ ಆ ಮೂಲೆಯವರೆಗೂ ಕಣ್ಣಲ್ಲೇ ಅಳೆದ. ಆಮೇಲೆ, "ಕೈ ಬಿಡಬಹುದಾ?" ಎಂದ.

"ಇನ್ನೂ ಎರಡು ನಿಮಿಷ."

"ಎರಡೂ ಬೇಡ, ಒಂದು ಕೈ," ಎಂದ. ಎಡ ಅಂಗೈಯನ್ನು ಗೋಡೆಯ ಮೇಲೆಯೇ ಸರಿಸುತ್ತಾ ತಂದು, ನನ್ನ ಬಲಗೈ ಮೇಲಿಟ್ಟು ಒತ್ತಿದ. ಮೂರು ಇಂಚು ಮುಗಿಯಿತು. ಆ ಎರಡು ನಿಮಿಷ ಆ ಪ್ಯಾನೆಲ್ಲಿಗೆ ಬಿದ್ದಷ್ಟು ಒತ್ತಡ ಇನ್ನಾವ ಪ್ಯಾನೆಲ್ಲಿಗೂ ಬಿದ್ದಿಲ್ಲ.

ತೊಟ್ಟಿಯಿಂದ ಇಳಿದ ಮೇಲೆ ಅವನು ನೇರ ಮುಂದಿನ ಕೋಣೆಗೆ ಹೋಗಿ, ಬೀರು ತೆಗೆದು, ಏನನ್ನೋ ಬೆನ್ನ ಹಿಂದೆ ಹಿಡಿದು ಬಂದ. "ನೀವು ಒಂದು ತಪ್ಪು ಒಪ್ಕೊಂಡ್ರಿ. ನನ್ನದೂ ಒಂದಿದೆ. ಹನ್ನೊಂದು ದಿನದಿಂದ ಬಚ್ಚಿಟ್ಟಿದ್ದೀನಿ."

ಅದು ಒಂದು ಕೆಲಸದ ಜಾಕೆಟ್ಟು. ದಪ್ಪ ಹತ್ತಿ ಬಟ್ಟೆ, ಕಡುನೀಲಿ. ಪೆನ್ಸಿಲ್ಲಿಗೆ ಒಂದು ಜೇಬು, ಟೇಪಿಗೆ ಒಂದು ಜೇಬು. ಎಡ ಹೆಗಲಿಗೆ, ಬ್ಯಾಗಿನ ಪಟ್ಟಿ ಕೂರುವ ಕಡೆ, ಒಳಗೆ ಎರಡು ಪದರ ಮೆತ್ತೆ ಇಟ್ಟು ಹೊಲಿದಿದ್ದ. ತೋಳುಗಳು ಮಾತ್ರ ಇರಲಿಲ್ಲ.

"ಹದಿನೈದೂಮುಕ್ಕಾಲು ಒಂದೇ ಗೊತ್ತಿತ್ತು," ಎಂದ. "ಉಳಿದಿದ್ದು ಕಣ್ಣಂದಾಜು. ಬಿಚ್ಚದೆ ಅಳೆಯೋ ಕೆಲಸ ನಾನೂ ಮಾಡಿದ್ದೀನಿ. ತೋಳಿಗೆ ಮಾತ್ರ ಧೈರ್ಯ ಬರಲಿಲ್ಲ. ಕೇಳೋಕೂ ಬರಲಿಲ್ಲ."

ಹಾಕಿಕೊಂಡೆ. ಬೆನ್ನು ಸರಿಯಾಗಿತ್ತು, ಸೊಂಟ ಸರಿಯಾಗಿತ್ತು. ಹದಿನಾಲ್ಕು ವರ್ಷದಿಂದ ನೋಯುತ್ತಿದ್ದ ಎಡ ಹೆಗಲಿಗೆ ಯಾರೋ ಕೈಯಿಟ್ಟು ಸಾಕು ಇಳಿಸು ಎಂದ ಹಾಗಾಯಿತು. ಅಳುವುದು ನನ್ನ ಜಾಯಮಾನವಲ್ಲ. ಅತ್ತೆ.

ಆಮೇಲೆ ಕಣ್ಣೊರೆಸಿಕೊಂಡು, ಬಲಗೈಯನ್ನು ಅವನ ಮುಂದೆ ಉದ್ದಕ್ಕೆ ಚಾಚಿದೆ. "ಅಳೆಯಿರಿ. ಈ ಸಲ ನಿಜವಾಗ್ಲೂ ಅಳತೆ ಕೊಡೋಕೇ ಬಂದಿದ್ದೀನಿ."

ಹೆಗಲಿನಿಂದ ಮೊಣಕೈಗೆ, ಮೊಣಕೈಯಿಂದ ಮಣಿಕಟ್ಟಿಗೆ, ಅವನು ನಿಧಾನವಾಗಿ ಟೇಪು ಇಳಿಸಿದ. ಮಣಿಕಟ್ಟಿಗೆ ಬಂದು ನಿಂತ. ಎಷ್ಟು ಎಂದು ಕೇಳಿದೆ. ಅವನು ಟೇಪು ನೋಡುತ್ತಲೇ ಇರಲಿಲ್ಲ. ಅವನ ಹುಬ್ಬು ಮೇಲೇರಿತ್ತು.

"ಮತ್ತೆ ಅಳೀಬೇಕು," ಎಂದ. "ಅಳತೆ ತಪ್ತು."

ಶನಿವಾರ ಪಕ್ಕದ ಎರಡು ಗೋಡೆ ಮುಗಿಸಿ, ಮೂಲೆಗಳಿಗೆ ನೀರು ಇಳಿಯದಂತೆ ಸಿಲಿಕೋನ್ ಎಳೆದೆ. ಫೋಟೋ ನೋಡಿ ಡಾಕ್ಟರು ಒಪ್ಪಿದರು. ಭಾನುವಾರ ಬೆಳಿಗ್ಗೆ ಅವನ ಅಮ್ಮ ವಾಕರ್ ಹಿಡಿದು ಬಂದರು. ಸಣ್ಣ ಮೈ, ಚೂಪು ಕಣ್ಣು. ಸೋಫಾ ತೋರಿಸಿದರೆ ಕೂರಲಿಲ್ಲ, ನೇರ ಬಾತ್‌ರೂಮಿಗೆ ನಡೆದರು. ಹಿಂದೆ ನಾವಿಬ್ಬರು, ಪರೀಕ್ಷೆಗೆ ಬಂದ ಮಕ್ಕಳ ಹಾಗೆ.

ಅಂಗೈಯನ್ನು ಗೋಡೆಯ ಈ ಮೂಲೆಯಿಂದ ಆ ಮೂಲೆಗೆ ಎಳೆದರು. ಉಗುರಿನಿಂದ ಸಂದು ಹುಡುಕಿದರು. ಸಿಗಲಿಲ್ಲ. ಅಂಚಿನ ಮೇಲಿದ್ದ ಟೂತ್‌ಬ್ರಷ್ ಎತ್ತಿಕೊಂಡು, ಅದನ್ನು ನೋಡಿ, ಗೋಡೆ ನೋಡಿ, ಕಸದ ಬುಟ್ಟಿಗೆ ಹಾಕಿದರು.

"ಕಾಣದೇ ಇರೋ ಗೋಡೆ ಅಳೆದೋಳು ನೀನೇನಾ?" ಎಂದರು ನನಗೆ.

"ಹೌದು. ತಪ್ಪಾಗಿ ಅಳೆದಿದ್ದೆ," ಎಂದೆ, ತಲೆ ಎತ್ತಿಯೇ. "ನಿಮ್ಮ ಮಗ ಹೊಲಿಗೆಗೆ ಬಿಟ್ಟಿದ್ದು ಉಳಿಸ್ತು."

ಅವರು ಮಗನ ಮುಖ ನೋಡಿದರು. ಅವನು ಛಾವಣಿ ನೋಡಿದ. ಅವರ ಕಣ್ಣು ನನ್ನ ಹೊಸ ಜಾಕೆಟ್ಟಿನ ಮೇಲೆ ಬಿತ್ತು. ದರ್ಜಿಯ ಹೆಂಡತಿ, ದರ್ಜಿಯ ತಾಯಿ ಅವರು, ಹೊಲಿಗೆ ನೋಡದೆ ಬಿಡುತ್ತಾರೆಯೇ. ಹತ್ತಿರ ಬಂದು, ಕೇಳದೆಯೇ ಅದರ ಪಕ್ಕದ ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿದರು. ಬೆರಳಿನಿಂದ ಮಡಿಕೆಯ ಅಗಲ ನೋಡಿದರು. ಒಂದಿಂಚಲ್ಲ, ಎರಡಿಂಚಿತ್ತು. ನನಗೂ ಅದು ಆಗಲೇ ಗೊತ್ತಾದದ್ದು.

"ಇವರಪ್ಪ ಹೀಗೆ ಎರಡಿಂಚು ಬಿಟ್ಟಿದ್ದು ಒಂದೇ ಒಂದು ಸಲ, ನನ್ನ ಬಟ್ಟೆಗೆ," ಎಂದರು ಅಮ್ಮ. "ಮೂವತ್ತು ವರ್ಷ ಬಿಚ್ಚಿ ಬಿಚ್ಚಿ ಹೊಲಿದ್ರು." ಮಡಿಕೆಯನ್ನು ಮತ್ತೆ ಒಳಗೆ ಸೇರಿಸಿ, ಅಂಗೈಯಿಂದ ನೇವರಿಸಿ ಕೂರಿಸಿದರು. "ಬಾ, ಕೂತ್ಕೊ. ನಿಮ್ಮಪ್ಪನ್ನ ಯಾವಾಗ ಕರ್ಕೊಂಡು ಬರ್ತೀಯ?"

ಅಪ್ಪ ಮರುವಾರ ಬಂದ. ಪ್ಯಾನೆಲ್ಲನ್ನು ಬೆರಳಲ್ಲಿ ತಟ್ಟಿ ತಟ್ಟಿ ನೋಡಿ, ಪರವಾಗಿಲ್ಲ ಎಂದ. ಅಪ್ಪನ ಬಾಯಲ್ಲಿ ಅದು ಬಿರುದು. ಆ ಮುಕ್ಕಾಲು ಇಂಚಿನ ಪಟ್ಟಿ ಈಗ ದರ್ಜಿಯ ಮೇಜಿನ ಮೇಲಿದೆ, ಅವನು ಪ್ರತಿ ಕೋಟಿಗೂ ಅದರಲ್ಲೇ ಗೆರೆ ಎಳೆಯುತ್ತಾನೆ. ಯಾರಾದರೂ ಇದೇನು ಎಂದು ಕೇಳಿದರೆ ನಾನೇ ಮುಂದೆ ಬಂದು ಹೇಳುತ್ತೇನೆ.

ಹದಿನಾಲ್ಕು ವರ್ಷದಲ್ಲಿ ನನ್ನ ಅಳತೆ ಒಂದೇ ಒಂದು ಸಲ ತಪ್ಪಿದೆ. ಇದನ್ನೂ ಜಂಬಕ್ಕೇ ಹೇಳುತ್ತಿದ್ದೇನೆ.